ಬಾಗಿಲ ಕಂಬದ ಅಂಕಿಗಳು

ರಾಯಚೂರಿನ ಗಂಜ್ ರಸ್ತೆಯಲ್ಲಿ, ಹತ್ತಿ ತುಂಬಿದ ಲಾರಿಗಳು ತಮ್ಮ ಸರದಿಗಾಗಿ ಕಾಯುತ್ತ ನಿಲ್ಲುವ ಕಡೆ, ದಸ್ತಗೀರ್ ಸಾಬರ ಟೈರಿನ ಅಂಗಡಿ ಇದೆ. ಅವರಿಗೆ ಈಗ ಅರವತ್ತೆರಡು. ಎತ್ತರದ ಆಳು. ಆದರೆ ನಲವತ್ತು ವರ್ಷ ಗಾಲಿಗಳ ಮುಂದೆ ಬಾಗಿ ಬಾಗಿ, ಸುಮ್ಮನೆ ನಿಂತಾಗಲೂ ನೆಲದಲ್ಲಿ ಏನನ್ನೋ ಹುಡುಕುತ್ತಿರುವವರಂತೆ ಕಾಣುತ್ತಾರೆ. ಅವರ ಮಗಳು ಕಹಕಶಾನ್ ಮೂರು ವರ್ಷ ನನ್ನಲ್ಲಿ ಗಣಿತ ಕಲಿತವಳು. ಉತ್ತರ ತಪ್ಪಾದರೆ ಉಳಿದ ಮಕ್ಕಳು ಅಳುತ್ತಿದ್ದರು, ಅವಳು ಸಿಟ್ಟಾಗುತ್ತಿದ್ದಳು. ಡಿಪ್ಲೊಮಾ ಮುಗಿಸಿ ಈಗ ತಂದೆಯ ಜೊತೆ ಅಂಗಡಿ ನಡೆಸುತ್ತಾಳೆ. ನಿವೃತ್ತಿಯ ನಂತರ ನನ್ನ ಸಂಜೆಗಳು ಹೆಚ್ಚಾಗಿ ಅವರ ಅಂಗಡಿಯ ಬೆಂಚಿನ ಮೇಲೆಯೇ ಕಳೆದಿವೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ತಂದೆಮಗಳು ಹೇಳಿದ್ದು.

ದಸ್ತಗೀರ್ ಸಾಬರದು ಒಂದು ಪದ್ಧತಿ. ಯಾವ ಕಾರು ಬಂದರೂ ಅವರು ಮೊದಲು ಗಾಲಿಯ ಹತ್ತಿರ ಹೋಗುವುದಿಲ್ಲ. ಚಾಲಕನ ಬಾಗಿಲು ತೆರೆದು, ಬಾಗಿ, ಬಾಗಿಲ ಕಂಬಕ್ಕೆ ಕಂಪನಿಯವರು ಅಂಟಿಸಿದ ಚಿಕ್ಕ ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಆ ಗಾಡಿಗೆ ಯಾವ ಅಳತೆಯ ಟೈರು, ಎಷ್ಟು ಗಾಳಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ನಾನು ತರಗತಿಯಲ್ಲಿ ಹಾಜರಿ ಕೂಗುತ್ತಿದ್ದಂತೆ ಅವರು ಅಂಕಿಗಳನ್ನು ಕೂಗುತ್ತಾರೆ. ಅದಾದ ಮೇಲೆಯೇ ಜಾಕ್ ಏರಿಸುವುದು. ಇದು ಅವರ ತಂದೆ ಮೆಹಬೂಬ್ ಪಾಷಾ ಕಲಿಸಿದ್ದು. "ಹಳೇ ಟೈರಿನ ಮಾತು ಕೇಳಬ್ಯಾಡ, ಗಾಡಿ ಮಾತು ಕೇಳು" ಎಂದು ಆ ಹಿರಿಯರು ಹೇಳುತ್ತಿದ್ದರಂತೆ. ಹಳೆಯ ಟೈರನ್ನು ಯಾರೋ ತಪ್ಪಾಗಿ ಹಾಕಿರಬಹುದು. ಅದನ್ನು ನೋಡಿ ಹೊಸದನ್ನು ಹಾಕಿದರೆ ಒಬ್ಬನ ತಪ್ಪಿಗೆ ಇನ್ನೊಬ್ಬ ರುಜು ಹಾಕಿದಂತೆ.

ಗುಂಜಹಳ್ಳಿಯ ಒಬ್ಬ ದೊಡ್ಡ ರೈತ ಎರೆಮಣ್ಣಿನ ದಾರಿಗೆ ಬೇಕೆಂದು ತನ್ನ ಜೀಪಿಗೆ ಇನ್ನೂ ದೊಡ್ಡ ಟೈರು ಕೇಳಿದಾಗ ಸಾಬರು ಕೊಡಲಿಲ್ಲ. ಆತ ಬೈದು ಹೋದ. ಎರಡು ತಿಂಗಳ ನಂತರ ಬೇರೆ ಕಡೆ ಹಾಕಿಸಿದ್ದನ್ನು ಬಿಚ್ಚಿಸಲು ಇಲ್ಲಿಗೇ ಬಂದ. "ನಮ್ಮ ಅಂಗಡಿಯಿಂದ ತಪ್ಪು ಟೈರು ಹಾಕ್ಕೊಂಡು ಒಂದು ಗಾಡಿನೂ ಹೊರಗ ಬಿದ್ದಿಲ್ಲ" ಎಂಬ ಮಾತನ್ನು ಸಾಬರು ಜಂಬದಿಂದ ಹೇಳುತ್ತಿರಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದರೆ ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದರು.

ಆ ಮಾತು ಮುರಿದದ್ದು ಕಳೆದ ಮಳೆಗಾಲದ ಒಂದು ಸೋಮವಾರ.

ಅಂದು ಮಾನ್ವಿಯಿಂದ ಪ್ರಭುರಾಜ ಬಂದ. ಭತ್ತ ಕೊಯ್ಯುವ ಯಂತ್ರಗಳನ್ನು ಬಾಡಿಗೆಗೆ ಬಿಡುವ ಮೂವತ್ತರ ಯುವಕ. ಹಿರಿಯರದು ಕುರಿಯ ಹಿಂಡು. ಇವನದು ಯಂತ್ರಗಳ ಹಿಂಡು. ಅವನು ಬಂದದ್ದು ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಸ್ಪೋರ್ಟ್ಸ್ ಕಾರಿನಲ್ಲಿ. ಕೆಂಪು ಬಣ್ಣ, ಇಬ್ಬರೇ ಕೂಡುವಷ್ಟು ಜಾಗ, ನೆಲಕ್ಕೆ ಅಂಟಿದಂತಹ ಮೈ. ಮಾನ್ವಿಯ ಮಕ್ಕಳು ಅದನ್ನು 'ಕಪ್ಪಿ ಗಾಡಿ' ಎನ್ನುತ್ತಿದ್ದರು. ನೋಡಿದರೆ ನಿಜಕ್ಕೂ ಕಪ್ಪೆ ಕುಳಿತಂತೆಯೇ ಇತ್ತು.

"ಸಾಬ್ರ, ನಾಲ್ಕೂ ಟೈರು ಹೊಸಾವು ಹಾಕ್ರಿ. ಬರೋ ರವಿವಾರ ಹೈದರಾಬಾದಿಗೆ ಹೊಂಟೀನಿ. ಇಂಥವ ಹತ್ತು ಗಾಡಿ ಕೂಡತಾವು, ರಿಂಗ್ ರೋಡಿನ ಮ್ಯಾಲೆ" ಎಂದ.

"ಎಷ್ಟು ಜೋರು ಓಡಸ್ತೀರಿ?"

"ಅದೊಂದು ಕೇಳಬ್ಯಾಡ್ರಿ. ನಮ್ಮವ್ವಗ ಗೊತ್ತಾದ್ರ ಕಷ್ಟ."

ಸಾಬರು ನಕ್ಕು, ರೂಢಿಯಂತೆ ಬಾಗಿಲು ತೆರೆದು ಬಾಗಿದರು. ಬಾಗಿದವರು ಓದಲಿಲ್ಲ. ಕಂಬದ ತುಂಬ ಅರಿಷಿಣ, ಕುಂಕುಮ, ವಿಭೂತಿ ಒಂದರ ಮೇಲೊಂದು ಕೂತು, ಒಣಗಿ, ಬೆರಳಿನಷ್ಟು ದಪ್ಪಗಾಗಿದ್ದವು. ಚೀಟಿ ಅದರ ಕೆಳಗೆ ಎಲ್ಲೋ ಇತ್ತು.

"ಇದೇನ್ರಿ ಇದು?"

"ಅಮಾಸಿ ಪೂಜಿರಿ. ಅವ್ವ ಹಚ್ಚಿದ್ದು. ಗಾಡಿ ಮುಂದ ಹಚ್ಚವ್ವ ಅಂದ್ರ, ಅಲ್ಲಿ ನಾಯಿ ಕಾಲೆತ್ತತಾವು, ದೇವರಿಗೆ ಬರಂಗಿಲ್ಲ ಅಂತಾಳ. ಇದೂ ಬಾಗಲಾನ ಅಲ್ಲೇನು ಅಂತ ಇಲ್ಲೆ ಹಚ್ಚತಾಳ."

"ಅಳತಿ ಚೀಟಿ ಇದರ ಕೆಳಗ ಅದ. ಒಂದೀಟು ಒರಸ್ರಿ."

"ಯಪ್ಪಾ, ಅವ್ವ ಹಚ್ಚಿದ್ದು ನಾ ಒರಸಿದ್ರ ಮನಿಯಾಗ ರೊಟ್ಟಿ ಬಂದ್ ಆಗತದ. ಅಂಕಿ ಟೈರಿನ ಮ್ಯಾಲೂ ಅದಾವಲ್ರಿ, ಅಲ್ಲೇ ನೋಡ್ರಿ."

ಸಾಬರ ಕೈಯಲ್ಲಿ ಒರಸುವ ಅರಿವೆ ಇತ್ತು. ಗ್ರೀಸು ಹತ್ತಿದ ಕರಿ ಅರಿವೆ. ಅವರು ಒಮ್ಮೆ ಆ ಕುಂಕುಮವನ್ನು, ಒಮ್ಮೆ ತಮ್ಮ ಕೈಯನ್ನು ನೋಡಿಕೊಂಡು ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡರು. ಗಾಲಿಯ ಕೆಳಗಿನ ನಿಂಬೆಹಣ್ಣನ್ನಾದರೂ ಅವರು ಗಾಡಿಯವರನ್ನು ಕೇಳದೆ ತೆಗೆದವರಲ್ಲ. ಇನ್ನೊಬ್ಬರ ತಾಯಿ ಹಚ್ಚಿದ ಕುಂಕುಮಕ್ಕೆ ಅವರು ಹೇಗೆ ಕೈ ಹಾಕಿಯಾರು?

ಸವೆದ ನಾಲ್ಕು ಟೈರುಗಳನ್ನೂ ಓದಿದರು. ನಾಲ್ಕರಲ್ಲೂ ಒಂದೇ ಅಂಕಿ: 225/45 R18. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಟೈರಿನ ಎತ್ತರ ಎಂಬುದು. ಕೊನೆಯದು ಒಳಗಿನ ರಿಮ್ಮಿನ ಅಳತೆ, ಇಂಚಿನಲ್ಲಿ.

"ನಾಲ್ಕು ಸಾಕ್ಷಿನೂ ಒಂದ ಮಾತು ಹೇಳಾಕತ್ತಾವು" ಎಂದರು ಸಾಬರು, ತಮಗೆ ತಾವೇ.

ಹೊಸ ಟೈರು ಕೂಡಿಸುವಾಗ ಕಹಕಶಾನ್ ಹಿಂದಿನ ಗಾಲಿಯ ಮುಂದೆ ನಿಂತು ತಂದೆಯನ್ನು ಕರೆದಳು. "ಅಬ್ಬಾ, ಈ ರಿಮ್ಮು ಅಗಲ ಕಾಣತದ. ಟೈರು ಬಿಗಿ ಕುಪ್ಪಸ ಹಾಕ್ಕೊಂಡಂಗ ಎಳಕೊಂಡದ. ಅಳತಿ ಹಿಡೀಲೇನು?"

"ಹೊತ್ತಾತು ಬೇಟಾ, ಅವರು ಮಾನ್ವಿಗೆ ಹೋಗಬೇಕು. ಬಿಡು."

ಅವಳು ಬಿಟ್ಟಳು. ನಾನೂ ಬೆಂಚಿನ ಮೇಲೆ ಕೂತು ಕೇಳಿದೆ; ನಾನೂ ಏನೂ ಅನ್ನಲಿಲ್ಲ.

ಬುಧವಾರ ಮಧ್ಯಾಹ್ನ ಕಪ್ಪೆ ಗಾಡಿ ಮತ್ತೆ ಬಂತು. ಪ್ರಭುರಾಜ ಇಳಿದ ರೀತಿಯಲ್ಲೇ ಸಮಾಚಾರವಿತ್ತು.

"ಸಾಬ್ರ, ದಸ್ತಗೀರ್ ಸಾಬ್ರ ಟೈರು ಅಂದ್ರ ಎಮ್ಮಿ ಕಾಲಿಗೂ ಸರಿ ಕೂಡತಾವ ಅಂತಿದ್ರಲ್ರಿ ಮಂದಿ. ಸ್ಟೇರಿಂಗ್ ಪೂರಾ ತಿರುವಿದ್ರ ಮುಂದಿನ ಗಾಲಿ ಒಳಗ ಉಜ್ಜತದ. ನಿನ್ನೆ ಮಳ್ಯಾಗ ಕಲ್ಲೂರು ದಾಟಿದ ಮ್ಯಾಲೆ ತಿರುವಿನ್ಯಾಗ ಹಿಂಭಾಗ ಜಾರಿತು. ಕಾಲುವಿ ದಂಡಿಗೆ ಹೋಗಿ ನಿಂತೀನಿ. ಇನ್ನ ನಾಕ ಮಾರು ಹೋಗಿದ್ರ ಮೀನಿನ ಕೂಡ ಮಾತಾಡತಿದ್ದೆ."

ಸಾಬರು ಮುಂದಿನದೊಂದು, ಹಿಂದಿನದೊಂದು ಗಾಲಿ ಬಿಚ್ಚಿದರು. ಕಹಕಶಾನ್ ಅಳತೆ ಹಿಡಿದಳು. ಹಿಂದಿನ ರಿಮ್ಮು ಮುಂದಿನದಕ್ಕಿಂತ ಅರ್ಧ ಇಂಚು ಅಗಲ. ಅಂದರೆ ಕಂಪನಿಯವರೇ ಹಿಂದಿನ ಗಾಲಿಗಳಿಗೆ ಬೇರೆ ಅಳತೆ ಇಟ್ಟಿದ್ದರು. ಇಂತಹ ಕಾರನ್ನು ಮುಂದಕ್ಕೆ ತಳ್ಳುವುದು ಹಿಂದಿನ ಗಾಲಿಗಳು. ಜೋರಾಗಿ ಓಡುವಾಗ ನೆಲ ಹಿಡಿಯಲು ಅವಕ್ಕೆ ಅಗಲವಾದ ಟೈರು ಬೇಕು. ಸೋಮವಾರ ಅರ್ಧ ನಿಮಿಷದಲ್ಲಿ ತಿಳಿಯಬಹುದಾಗಿದ್ದ ಮಾತು.

"ಮೊದಲಿನ ನಾಲ್ಕು ಎಲ್ಲಿ ಹಾಕ್ಸಿದ್ರಿ?" ಎಂದು ಸಾಬರು ಕೇಳಿದರು.

"ದೇವದುರ್ಗದಾಗರಿ. ಹೋದ ವರ್ಷ ಅವ್ವನ್ನ ಗೂಗಲ್ ಊರಾಗಿನ ಅಲ್ಲಮಪ್ರಭುನ ಗುಡಿಗೆ ಕರಕೊಂಡು ಹೊಂಟಿದ್ದೆ. ಗಬ್ಬೂರು ದಾಟಿದ ಮ್ಯಾಲೆ ಒಂದು ತೆಗ್ಗಿನ್ಯಾಗ ಎರಡು ಒಡದವು. ದೇವದುರ್ಗದ ರೇವಣಸಿದ್ದ ನಾಲ್ಕೂ ಬದಲಿ ಮಾಡಿಕೊಟ್ಟ."

ಸಾಬರು ಆ ಟೈರಿನ ಅಂಗಡಿಯ ರೇವಣಸಿದ್ದನಿಗೆ ಫೋನ್ ಮಾಡಿದರು. ಅವನು ಮುಚ್ಚುಮರೆಯಿಲ್ಲದೆ ಹೇಳಿದ. "ಹೌದ್ರಿ ಸಾಬ್ರ. ಮೊದಲಿನವು ತೀರಾ ಗಿಡ್ಡ ಇದ್ದವು. ನಮ್ಮ ತೆಗ್ಗು ದಿನ್ನಿಗೆ ಅವು ತಡೀತಾವೇನ್ರಿ? ಒಂದು ನಂಬರ ಎತ್ತರದ್ದು ನೋಡಿ ನಾಲ್ಕೂ ಒಂದ ಥರ ಹಾಕೀನಿ. ನಾವು ಎಲ್ಲಾ ಗಾಡಿಗೂ ಹಂಗ ಮಾಡತೀವಲ್ರಿ."

"ಮೊದಲಿನ ಅಂಕಿ ಏನಿತ್ತು?"

"ಅದನ್ಯಾರು ನೆಪ್ಪಿಡತಾರ್ರಿ. ಹಳೇವು ಗುಜರಿಗೆ ಹೋದವು."

ಸಾಬರು ಫೋನನ್ನು ಮೇಜಿನ ಮೇಲೆ ಇಟ್ಟದ್ದು ಇಟ್ಟಂತಿರಲಿಲ್ಲ, ಕುಕ್ಕಿದಂತಿತ್ತು. ನಾಲ್ಕು ಸಾಕ್ಷಿಗಳಿಗೂ ಒಬ್ಬನೇ ಪಾಠ ಹೇಳಿಕೊಟ್ಟಿದ್ದ.

ಅಲ್ಲಿಂದ ಸಂಜೆಯವರೆಗೆ ನಡೆದದ್ದನ್ನು ನೆನೆದರೆ ನನಗೇ ತಲೆ ಬಿಸಿಯಾಗುತ್ತದೆ. ಕಾರಿನ ಕೈಪಿಡಿಯನ್ನು ಮೊದಲಿನ ಯಜಮಾನ ಕೊಟ್ಟಿರಲಿಲ್ಲ. ಹೈದರಾಬಾದಿನ ಷೋರೂಮಿಗೆ ಫೋನ್ ಮಾಡಿದರೆ, ಒಂದನ್ನು ಒತ್ತಿ, ಮೂರನ್ನು ಒತ್ತಿ ಎಂದು ಯಂತ್ರ ಹೇಳಿತು. ಕೊನೆಗೆ ಸಿಕ್ಕ ಮನುಷ್ಯ, ಕಾಗದಪತ್ರ ಕಳಿಸಿದರೆ ಸೋಮವಾರ ತಿಳಿಸುತ್ತೇವೆ ಎಂದ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಅದೇ ಕಾರು, ಅದೇ ವರ್ಷ, ಅದೇ ಹದಿನೆಂಟು ಇಂಚಿನ ರಿಮ್ಮು, ಉತ್ತರ ಮಾತ್ರ ಎರಡು. ಒಂದು ಕಡೆ ಮುಂದೆ 225/40, ಹಿಂದೆ 255/35. ಇನ್ನೊಂದು ಕಡೆ ಮುಂದೆ 235/40, ಹಿಂದೆ 265/35. ಪರಿಚಯದ ಸಗಟು ವ್ಯಾಪಾರಿಯೊಬ್ಬ ಮೂರನೆಯದನ್ನೇ ಹೇಳಿ, "ಹಾಕಿ ನೋಡ್ರಿ, ಕೂತರೂ ಕೂಡಬಹುದು" ಎಂದ.

"ಇದೇನು ಚಪ್ಪಲಿ ಏನ್ರಿ, ಹಾಕಿ ನೋಡಾಕ?" ಎಂದು ಕಹಕಶಾನ್ ಫೋನಿನಲ್ಲೇ ಗದರಿದಳು. ಒಂದು ಹಾಳೆಯ ಹಿಂದೆ ಲೆಕ್ಕ ಮಾಡಿ ನನಗೆ ತೋರಿಸಿದಳು. ಎತ್ತರ ನಲವತ್ತರ ಬದಲು ನಲವತ್ತೈದು ಆದರೆ ಟೈರು ಸುತ್ತಲೂ ಹನ್ನೊಂದು ಮಿಲಿಮೀಟರು ಹೆಚ್ಚು ಎತ್ತರವಾಗುತ್ತದೆ. ಮುಂದಿನ ಗಾಲಿ ಒಳಗೆ ಉಜ್ಜುವುದು ಅದಕ್ಕೇ; ಹಳೆಯವು ಸವೆದು ಗಿಡ್ಡಾಗಿದ್ದರಿಂದ ಉಜ್ಜಿರಲಿಲ್ಲ. ಲೆಕ್ಕ ಸರಿಯಾಗಿತ್ತು. ಆದರೆ ಈ ಉತ್ತರಗಳಲ್ಲಿ ಈ ಕಾರಿನದು ಯಾವುದು ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಅದನ್ನು ಹೇಳುವ ಚೀಟಿ ಎರಡು ಮಾರು ದೂರದಲ್ಲಿ, ಅರಿಷಿಣದ ಕೆಳಗೆ, ಸುಮ್ಮನೆ ಕೂತಿತ್ತು.

"ಅವ್ವಾರಿಗೆ ಫೋನ್ ಮಾಡಿ ಒಂದು ಮಾತು ಕೇಳ್ರಿ" ಎಂದರು ಸಾಬರು.

ಪ್ರಭುರಾಜ ಕೈಮುಗಿದ. "ಗಾಡಿ ಕಾಲುವಿ ದಂಡಿಗೆ ನಿಂತಿದ್ದು ಕೇಳಿ ಏನಂದಾಳ ಗೊತ್ತದೇನ್ರಿ? ನಾ ಹಚ್ಚಿದ್ದಕ್ಕ ಉಳದೀದಿ ಅಂದಾಳ. ಈಗ ಅದನ್ನ ಒರಸಲೇನು ಅಂತ ಕೇಳ್ಲಾ? ಬಿಡ್ರಿ ಸಾಬ್ರ. ಗಾಲಿ ಕೂಡಸ್ರಿ. ರವಿವಾರ ನಾ ಹೋಗಾವನ. ಎಲ್ಲಾರಿಗೂ ಮಾತು ಕೊಟ್ಟೀನಿ."

"ಜೋರು ಓಡಿಸಿದ್ರ ಮತ್ತ ಜಾರತದ್ರಿ."

"ಜಾರಿದ್ರ ನಿಮ್ಮ ಹೆಸರು ಹೇಳಂಗಿಲ್ಲ."

ಈ ಮಾತು ಸಾಬರಿಗೆ ಹತ್ತಿದಷ್ಟು ಬೈಗುಳವೂ ಹತ್ತುತ್ತಿರಲಿಲ್ಲ. ಗಾಲಿ ಕೂಡಿಸಿ ಅವನನ್ನು ಕಳಿಸಿದ ಮೇಲೆ, ಆ ರಾತ್ರಿ ಅವರು ಊಟಕ್ಕೆ ಕೂತು ಎದ್ದುಬಿಟ್ಟರಂತೆ. ಗಾಡಿ ಅವನದು, ರೊಟ್ಟಿ ನೀವೇಕೆ ಬಿಡುತ್ತೀರಿ ಎಂದು ಹೆಂಡತಿ ರಂಜಾನಬಿ ದಖನಿಯಲ್ಲಿ ಗದರಿದರಂತೆ. "ಟೈರು ನನ್ನವು" ಎಂದಷ್ಟೇ ಸಾಬರು ಹೇಳಿದರಂತೆ.

ಗುರುವಾರ ತಂದೆಮಗಳು ಅಂಗಡಿ ಮುಚ್ಚಿ, ಜಾಕು, ನಟ್ಟು ಬಿಚ್ಚುವ ಪಾನಾಗಳ ಚೀಲ ಹೊತ್ತು ಮಾನ್ವಿಯ ಬಸ್ಸು ಹತ್ತಿದರು. ಬಸ್ಸು ಕಲ್ಲೂರಿನಲ್ಲಿ ಅರ್ಧ ತಾಸು ನಿಂತಿತು. ಕಾರಣ ಪಂಕ್ಚರ್. ಸಾಬರು ಕಿಟಕಿಯಿಂದ ನೋಡುತ್ತಲೇ ಕುಳಿತು, ಕೊನೆಗೆ ತಡೆಯಲಾರದೆ ಇಳಿದು ತಾವೇ ಪಾನಾ ಹಿಡಿದರಂತೆ.

ಪ್ರಭುರಾಜನ ಮನೆಯ ಅಂಗಳದಲ್ಲಿ ಕೊಯ್ಲಿನ ಯಂತ್ರಗಳು ಆನೆಗಳಂತೆ ನಿಂತಿದ್ದವು. ಅವುಗಳ ನಡುವೆ ಕೆಂಪು ಕಾರು. ಅವನ ತಾಯಿ ಬೂದೆಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಪ್ಪತ್ತರ ಗಟ್ಟಿಮುಟ್ಟಾದ ಹೆಂಗಸು.

"ಬರ್ರಿ. ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ. ಏನು ತಮ್ಮಾ, ನಮ್ಮ ಹುಡುಗ ಏನರ ಕೊಡೂದು ಅದೇನು?"

"ಇಲ್ಲ ಯವ್ವಾ, ನಾನ ಕೊಡೂದು ಅದ" ಎಂದರು ಸಾಬರು. ಅನಂತರ ಮಳೆಯ ಮಾತು, ಭತ್ತದ ಮಾತು, ಬಸ್ಸಿನ ಮಾತು ಆಡಿದರು. ಕುಂಕುಮದ ಮಾತು ಬಾಯಿಗೆ ಬರಲೊಲ್ಲದು. ಕಹಕಶಾನಳಿಗೆ ಸಾಕಾಯಿತು.

"ಅಜ್ಜೀ, ನಿಮ್ಮ ಮಗನ ಗಾಡಿಗೆ ನಾವು ತಪ್ಪು ಟೈರು ಹಾಕೀವಿ. ಖರೇ ಅಳತಿ ಗಾಡಿ ಬಾಗಲದಾಗ ಬರದದ. ಅದರ ಮ್ಯಾಲೆ ನಿಮ್ಮ ಅರಿಷಿಣ ಕುಂಕುಮ ಅದ. ನೀವು ಹೂಂ ಅಂದ್ರ ಓದತೀವಿ. ಇಲ್ಲಂದ್ರ ಇಂವ ರವಿವಾರ ಇದ ಟೈರಿನ ಮ್ಯಾಲೆ ಹೈದರಾಬಾದಿನ್ಯಾಗ ಜೋರು ಓಡಸ್ತಾನ."

ಬೂದೆಮ್ಮನ ಮೊರ ನಿಂತಿತು. "ಒರಸಬಾರದು ಅಂತ ನಿಮಗ್ಯಾರು ಹೇಳಿದ್ರು?"

"ನಿಮ್ಮ ಮಗನರೀ."

"ಅಂವ?" ಎಂದು ಮುದುಕಿ ಒಳಗಿನ ಬಾಗಿಲ ಕಡೆ ತಿರುಗಿದಳು. ಪ್ರಭುರಾಜ ಅಲ್ಲೇ ನಿಂತಿದ್ದ. "ಬಾ ಇಲ್ಲಿ, ದೊಡ್ಡ ಸ್ವಾಮಿ. ಮನಿ ಹೊಸ್ತಿಲ ನಾ ಅಮಾಸಿಗೊಮ್ಮೆ ತೊಳದ ಹಚ್ಚತೀನಿ. ತೊಳೀಲಾರದ ಹಳೇದರ ಮ್ಯಾಲೆ ಹಚ್ಚಿದ್ರ ಅದಕ್ಕ ಪೂಜಿ ಅಂತಾರೇನು, ಗೋಡಿ ಗಿಲಾವು ಅಂತಾರ. ನಾ ಚಂಬು ಹಿಡಕೊಂಡು ನಿನ್ನ ಗಾಡಿ ಹತ್ರ ಹೋದಾಗೆಲ್ಲ ಬಾಯಿ ಬಡಕೊಂಡಾವ ಯಾರು? ನೀರು ಬ್ಯಾಡವ್ವ, ಕರೆಂಟಿನ ಸಾಮಾನು ಅದಾವು, ಕೆಡತಾವು ಅಂತ ಯಾರಂದ್ರು? ಒಂದು ವರ್ಷ ಆತು, ಮೈಲಿಗಿ ಕಂಬಕ್ಕ ಹಚ್ಚಿ ಹಚ್ಚಿ ನನಗ ನಾಚಿಕಿ ಬಂದದ."

ಪ್ರಭುರಾಜ ನೆಲ ನೋಡಿದ. ಸಾಬರು ಕಣ್ಣು ಮುಚ್ಚಿಕೊಂಡರಂತೆ. ಸೋಮವಾರ ಒಂದು ಫೋನು ಹಚ್ಚಿದ್ದರೆ ಮುಗಿಯುತ್ತಿತ್ತು.

ಬೂದೆಮ್ಮ ಚಂಬಿನಲ್ಲಿ ನೀರು ತಂದಳು. ಸೆರಗಿನ ತುದಿ ನೆನೆಸಿ ಕಂಬವನ್ನು ಮೆಲ್ಲಗೆ ತಿಕ್ಕಿದಳು. ಅರಿಷಿಣ ಕರಗಿ ಅವಳ ಮೊಣಕೈಯವರೆಗೆ ಇಳಿಯಿತು. ಕೆಳಗಿನಿಂದ ಹಳದಿ ಬಣ್ಣ ಕುಡಿದ ಚೀಟಿ ಕಾಣಿಸಿತು. ಸಾಬರು ಬಾಗಿ, ಸೋಮವಾರ ಓದದೆ ಬಿಟ್ಟದ್ದನ್ನು ಗಟ್ಟಿಯಾಗಿ ಓದಿದರು. ಮುಂದೆ 225/40 R18. ಹಿಂದೆ 255/35 R18. ಮತ್ತೊಮ್ಮೆ ಓದಿದರು. ಮಗಳಿಂದಲೂ ಓದಿಸಿದರು.

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಹಿಂದಿನ ಗಾಲಿಯ ಆ ಅಳತೆ ರಾಯಚೂರಿನಲ್ಲಿ ಯಾರಲ್ಲೂ ಇರಲಿಲ್ಲ. ಹೈದರಾಬಾದಿನಿಂದ ನಾಲ್ಕೂ ಟೈರು ಮಂಗಳವಾರ ಬರುವುದೆಂದು ಫೋನಿನಲ್ಲಿ ತಿಳಿಯಿತು.

"ಮಂಗಳವಾರ? ನಾ ಹೋಗೂದು ರವಿವಾರ್ರಿ" ಎಂದ ಪ್ರಭುರಾಜ.

"ಹೋಗಬ್ಯಾಡ್ರಿ."

"ಹೋಗತೀನಿ ಸಾಬ್ರ. ಸಾವಕಾಶ ಓಡಸ್ತೀನಿ."

ಸಾಬರು ಚೀಲದಿಂದ ಜಾಕು ತೆಗೆದರು. ಯಂತ್ರಗಳ ಪಕ್ಕದಲ್ಲಿ ಬಿದ್ದಿದ್ದ ಕಟ್ಟಡದ ಕಲ್ಲುಗಳನ್ನು ಕಹಕಶಾನ್ ಒಂದೊಂದಾಗಿ ಹೊತ್ತು ತಂದಳು. "ಈ ಟೈರು ನಾ ಹಾಕಿದ್ದು, ನಾನ ವಾಪಸ್ ಒಯ್ಯತೀನಿ. ನಿಮ್ಮ ರೊಕ್ಕ ಬ್ಯಾಡ" ಎಂದು ಸಾಬರು ಮೊದಲನೆಯ ಗಾಲಿಯ ನಟ್ಟಿಗೆ ಪಾನಾ ಹಚ್ಚಿದರು.

"ಸಾಬ್ರ, ಇದು ಸರಿ ಅಲ್ಲ ನೋಡ್ರಿ. ಯವ್ವಾ, ಹೇಳು ಅವರಿಗೆ."

"ಹೇಳತೀನಿ ತಡಿ" ಎಂದಳು ಬೂದೆಮ್ಮ. "ತಮ್ಮಾ, ಆ ಹಿಂದಿನ ಬಲಗಾಲಿ ಮೊದಲ ಬಿಚ್ಚು. ಅದ ಭಾಳ ಹಾರ್ಯಾಡತದ."

ನಾಲ್ಕೂ ಗಾಲಿಗಳು ಪ್ರಭುರಾಜನದೇ ಟೆಂಪೊದಲ್ಲಿ ರಾಯಚೂರಿಗೆ ಬಂದವು. ಕಾರು ಕಲ್ಲುಗಳ ಮೇಲೆ ಉಳಿಯಿತು. ರವಿವಾರ ಹೈದರಾಬಾದಿನಲ್ಲಿ ಹತ್ತರ ಬದಲು ಒಂಬತ್ತೇ ಗಾಡಿಗಳು ಓಡಿದವು.

ಮಂಗಳವಾರ ಟೈರುಗಳು ಬಂದವು. ಕಹಕಶಾನ್ ಒಂದೊಂದನ್ನೂ ಓದಿ ನೋಡಿದಾಗ, ಹಿಂದಿನ ಎರಡರಲ್ಲಿ ಒಂದು ಹತ್ತೊಂಬತ್ತು ಇಂಚಿನದು. ಅದನ್ನು ಮರಳಿಸಿ ಸರಿಯಾದುದು ಬರಲು ಮತ್ತೆ ಆರು ದಿನ. ಅಷ್ಟರಲ್ಲಿ ಕಾರಿನ ಕೆಳಗಿನ ನೆರಳಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. 'ಕಪ್ಪಿ ಮೊಟ್ಟಿ ಇಟ್ಟದ' ಎಂದು ಮಕ್ಕಳು ಗೇಟಿನಲ್ಲಿ ನಿಂತು ಕೂಗುತ್ತಿದ್ದರು. ಪ್ರಭುರಾಜ ದಿನಕ್ಕೆ ಮೂರು ಬಾರಿ ಫೋನ್ ಮಾಡಿ ಸಾಬರನ್ನು ಬೈಯುತ್ತಿದ್ದ. ಸಾಬರು ಮೂರು ಬಾರಿಯೂ ಎತ್ತಿ ಪೂರ್ತಿ ಕೇಳುತ್ತಿದ್ದರು.

ಕೊನೆಗೆ ಸರಿಯಾದ ನಾಲ್ಕನ್ನೂ ಮಾನ್ವಿಗೆ ಒಯ್ದು, ಕೋಳಿಯನ್ನು ಎಬ್ಬಿಸಿ, ಕೂಡಿಸಿ ಬಂದರು. ಉಜ್ಜುವುದು ನಿಂತಿತು. ಮಳೆಯಲ್ಲೂ ಕಾರು ಜಾರಲಿಲ್ಲ. ನಾನು ಬೆಂಚಿನ ಮೇಲಿನಿಂದ, ಆಗಿದ್ದು ಆಯಿತಲ್ಲ ಎಂದೆ. ಸಾಬರಿಗೆ ಸಮಾಧಾನವಾಗಲಿಲ್ಲ.

"ನಲವತ್ತು ವರ್ಷ ನಡಸಿಕೊಂಡು ಬಂದಿದ್ದೆ ಮಾಸ್ತರ್ರ. ಅರ್ಧ ನಿಮಿಷ ಅಳತಿ ಹಿಡೀಲಿಲ್ಲ, ಒಂದು ಮಾತು ಕೇಳಲಿಲ್ಲ. ಇನ್ನ ಮ್ಯಾಲೆ ಆ ಮಾತು ನಾ ಹೆಂಗ ಹೇಳಲಿ?" ಎಂದರು. ನಿಜವಾಗಿಯೂ ಅವರು ಆ ಮಾತನ್ನು ಮತ್ತೆ ಹೇಳಿದ್ದನ್ನು ನಾನು ಕೇಳಿಲ್ಲ.

ಮೊನ್ನೆ ಅಮಾವಾಸ್ಯೆಯ ಮರುದಿನ ಕೆಂಪು ಕಾರು ಅಂಗಡಿಯ ಮುಂದೆ ನಿಂತಿತು. ಸಾಬರು ಎದ್ದು ಹೋಗಿ ಬಾಗಿಲು ತೆರೆದರು. ಕಂಬ ತೊಳೆದು ಲಕಲಕ ಎನ್ನುತ್ತಿತ್ತು. ಮೇಲ್ಗಡೆ ಒಂದು ಸಾಲು ಅರಿಷಿಣ, ಒಂದು ಬೊಟ್ಟು ಕುಂಕುಮ. ಕೆಳಗಿನ ಚೀಟಿಯ ಮೇಲೆ ಏನೂ ಹಚ್ಚಿರಲಿಲ್ಲ, ಅಂಕಿಗಳೆಲ್ಲ ಕಾಣುತ್ತಿದ್ದವು. ಸಾಬರು ಬಾಗಿ ಓದತೊಡಗಿದರು.

"ಸಾಬ್ರ, ಟೈರು ಬ್ಯಾಡ್ರಿ. ಬರೇ ಗಾಳಿ ಹಿಡಿಸಾಕ ಬಂದೀನಿ" ಎಂದ ಪ್ರಭುರಾಜ.

"ಗಾಳಿದೂ ಇಲ್ಲೇ ಬರದದ. ಸುಮ್ಮ ನಿಂದರ್ರಿ" ಎಂದು ಸಾಬರು ಮೊದಲಿನಿಂದ ಓದಿದರು.